ಚಿಕ್ಕಿ ಪಾಕದ ಮೀನು

ಹೋದ ವಾರ ಮಾಳಿಗೆಯ ಮೇಲಿನ ತಗಡಿನ ಪೆಟ್ಟಿಗೆಯನ್ನು ಹಸನು ಮಾಡಲು ಹೋದಾಗ ಅದರೊಳಗೆ ಒಂದು ಕುಂಚ ಸಿಕ್ಕಿತು. ಮೂರು ಬೆರಳಗಲ, ಬಿದಿರಿನ ಹಿಡಿಕೆ, ಒಂದು ಕಾಲಕ್ಕೆ ಬೆಳ್ಳಗಿದ್ದ ಕೂದಲು. ಈಗ ಆ ಕೂದಲೆಲ್ಲ ಕರ್ರಗೆ ಅಂಟಿಕೊಂಡು ಕಟ್ಟಿಗೆಯ ತುಂಡಿನಂತಾಗಿತ್ತು. ಗೋಡೆಗೆ ಬಡಿದರೆ ಟಕ್ ಎಂದಿತು. ಬಿಸಾಕುವ ಬದಲು ಬಿಸಿನೀರಿನಲ್ಲಿ ಅದ್ದಿಟ್ಟೆ. ಯಾಕೆ ಎಂದು ಕೇಳಬೇಡಿ. ನಾನು ಮಾಡುವ ಬಹಳಷ್ಟು ಕೆಲಸಗಳಿಗೆ ಕಾರಣ ನನಗೆ ಆಮೇಲೆ ತಿಳಿಯುತ್ತದೆ, ಕೆಲವಕ್ಕೆ ಆಮೇಲೂ ತಿಳಿಯುವುದಿಲ್ಲ. ಅರ್ಧ ತಾಸಿನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು. ಮೊದಲು ಬೆಲ್ಲದ ವಾಸನೆ ಬಂತು, ಅದರ ಬೆನ್ನಿಗೇ ಇನ್ನೊಂದು ವಾಸನೆ. ಅವ್ವ ಈಗ ನಡುಮನೆಯ ಗೋಡೆಯ ಮೇಲೆ ಫೋಟೋದಲ್ಲಿದ್ದಾಳೆ. ಆದರೂ ಎದ್ದು ಹೋಗಿ ಕಿಟಕಿ ತೆರೆದೆ.

ನಮ್ಮದು ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ಬೇರು ಬಿಟ್ಟ ಮನೆ. ಸರಕಾರಿ ನೌಕರಿಗೆಂದು ರಾಯಚೂರಿನಿಂದ ಬಂದ ಮುತ್ಯಾ ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ಮನೆ ಕಟ್ಟಿಸಿ ಇಲ್ಲಿಯವನೇ ಆದ. ಹೊರಗೆ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಲಿಂಗಪೂಜೆಯಾಗದೆ ಅವ್ವ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಇಂಥ ಮನೆಗೆ ನಾನು ಮದುವೆಯಾಗಿ ಕರೆತಂದದ್ದು ಕಾಕಿನಾಡದ ಕಡೆಯ ಪದ್ಮಳನ್ನು. ಎದುರು ಮನೆಯಲ್ಲಿ ಬಾಡಿಗೆಗಿದ್ದವರ ಮಗಳು. ಸುದ್ದಿ ಕೇಳಿದ ಅವ್ವ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಒಂದೇ ಮಾತು ಹೇಳಿದಳು: "ಮೀನ ತಿನ್ನೂ ಮಂದಿ ಅವರು. ನಮ್ಮ ಒಲಿ ಮ್ಯಾಲ ಅದು ಬರಬಾರದು ನೋಡು, ಶರಣೂ."

ಬರಲಿಲ್ಲ. ಹನ್ನೆರಡು ವರ್ಷ ಬರಲಿಲ್ಲ. ಪದ್ಮ ರೊಟ್ಟಿ ಬಡಿಯಲು ಕಲಿತಳು, ಶೇಂಗಾ ಹಿಂಡಿ ಕುಟ್ಟಲು ಕಲಿತಳು, ಅವ್ವನಿಂದ ಅವ್ವನ ಹಾಗೆಯೇ ಕನ್ನಡ ಆಡಲು ಕಲಿತಳು. ಮೀನು ಬಿಟ್ಟದ್ದು ನಿನಗೆ ಕಷ್ಟವಾಯಿತೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಬಹುದೆಂದು ಹೊಳೆಯಲೇ ಇಲ್ಲ ಅಂದರೆ ಹೆಚ್ಚು ಸರಿಯಾದೀತು.

ಆ ವರ್ಷಗಳು ನಿಮಗೂ ನೆನಪಿರಬೇಕು. ಊರಿನ ಗೋಡೆಗಳ ಮೇಲೆಲ್ಲ ಸಿನಿಮಾ ಪೋಸ್ಟರುಗಳನ್ನು ಮುಚ್ಚಿ ಕಂಪ್ಯೂಟರ್ ಕ್ಲಾಸುಗಳ ಪೋಸ್ಟರುಗಳು ಬಂದವು. ಬಂಡೆಗಲ್ಲುಗಳನ್ನು ಬಿಟ್ಟರೆ ಏನೂ ಇಲ್ಲದ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಾನು ನೀರಾವರಿ ಇಲಾಖೆಯಲ್ಲಿ ನಕ್ಷೆಗಾರ. ಕಾಲುವೆಗಳ ನಕ್ಷೆಗಳನ್ನು ಪೆನ್ಸಿಲು ಹಿಡಿದು ಬಿಡಿಸುವವನು. ಪದ್ಮ ಮಧ್ಯಾಹ್ನದ ಕ್ಲಾಸಿಗೆ ಸೇರಿದಳು. ಹೊತ್ತು ಹೋಗಲಿ ಎಂದು ಸೇರಿದ್ದಾಳೆ ಅಂದುಕೊಂಡೆ. ಎರಡು ವರ್ಷದಲ್ಲಿ ನಮ್ಮ ಗಲ್ಲಿಯ ಬಾಯಿಗೆ ಕಂಪನಿಯ ಕ್ಯಾಬು ಬಂದು ಹಾರ್ನು ಹೊಡೆಯತೊಡಗಿತು. ಇನ್ನೆರಡು ವರ್ಷಕ್ಕೆ ಕಂಪನಿಯವರು ಅವಳನ್ನು ಆರು ತಿಂಗಳು ಜಪಾನಿಗೆ ಕಳಿಸಿದರು. ನಾನು ವಿಮಾನ ನಿಲ್ದಾಣದಲ್ಲಿ ಕೈ ಬೀಸಿ, ಮನೆಗೆ ಬಂದು, ಅವ್ವ ಮಾಡಿಟ್ಟ ಉಪ್ಪಿಟ್ಟು ತಿಂದು ಮಲಗಿದೆ.

ಹೋದ ಪದ್ಮ ಸರಿಯಾಗಿ ಆರು ತಿಂಗಳಿಗೆ ಬಂದಳು. ಅವ್ವನಿಗೆ ಉಣ್ಣೆಯ ಶಾಲು, ನನಗೆ ಪೆನ್ಸಿಲುಗಳ ಡಬ್ಬಿ. ಪೆಟ್ಟಿಗೆಯ ತಳದಲ್ಲಿ, ಬಿಳಿ ಕಾಗದದಲ್ಲಿ ಸುತ್ತಿದ ಈ ಕುಂಚ.

"ಇದು ಯಾತಕ್ಕ?" ಎಂದೆ.

"ಮೀನಿಗೆ ಸಾರು ಹಚ್ಚೂದು ಇದು," ಎಂದು ಪದ್ಮ ಅದನ್ನು ಖಾನೆಯಲ್ಲಿಟ್ಟು ಮುಚ್ಚಿದಳು.

ನಾನು ಇಂಗು ತಿಂದ ಮಂಗನಂತೆ ನಿಂತೆ. ಮೀನು ಬಿಟ್ಟವಳಿಗೆ ಮೀನಿನ ಕುಂಚವೇಕೆ? ಬಿಟ್ಟಿಲ್ಲ ಅನ್ನುವುದಾದರೆ ಯಾವಾಗ ಹಿಡಿದಳು? ಅವಳೇ ಒಂದು ಸಂಜೆ ಮಾತಿನ ನಡುವೆ ಹೇಳಿದಳು. ಅಲ್ಲಿ ಅವಳಿದ್ದ ಬೀದಿಯ ತಿರುವಿನಲ್ಲಿ ಒಬ್ಬ ಮುದುಕಿ ಮೀನು ಸುಡುತ್ತಿದ್ದಳಂತೆ. ಸಿಹಿ ಉಪ್ಪು ಸೇರಿದ ಕಪ್ಪು ಸಾರನ್ನು ಕುಂಚದಲ್ಲಿ ಹಚ್ಚುತ್ತ, ತಿರುವುತ್ತ, ಮತ್ತೆ ಹಚ್ಚುತ್ತ. ಕಡೆಗೆ ಅದು ಫಳಫಳ ಹೊಳೆಯುತ್ತಿತ್ತಂತೆ. ಹೇಳುವಾಗ ಪದ್ಮಳ ಕೈ ಗಾಳಿಯಲ್ಲಿ ತಾನಾಗಿಯೇ ಆ ಮೀನನ್ನು ತಿರುವಿ ಹಾಕುತ್ತಿತ್ತು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮೀನಿನ ಮೇಲೆ ಹೊಟ್ಟೆಕಿಚ್ಚುಪಡುವ ಗಂಡ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ತಿಂಗಳು ಕಳೆಯುವಷ್ಟರಲ್ಲಿ ಕಂಪನಿಯ ಇನ್ನೊಂದು ಪತ್ರ ಬಂತು. ಈ ಸಲ ಎರಡು ವರ್ಷ. ಹೋಗುತ್ತೀಯೋ ಇಲ್ಲವೋ, ಸೋಮವಾರದೊಳಗೆ ತಿಳಿಸು.

"ಏನ್ರಿ, ಏನಂತೀರಿ?" ಎಂದು ಪದ್ಮ ಕೇಳಿದಳು.

"ನೋಡೋಣು," ಅಂದೆ.

"ನೋಡೋಣು ಅಂದ್ರ?"

"ನೋಡೋಣು ಅಂದ್ರ ನೋಡೋಣು."

ಬೇಡ ಅನ್ನಲು ಬಾಯಿ ಬರಲಿಲ್ಲ. ಹೆಂಡತಿಯ ಏಳಿಗೆಗೆ ಅಡ್ಡಗಾಲು ಹಾಕಿದವ ಅನಿಸಿಕೊಳ್ಳಲು ಯಾರಿಗೆ ಇಷ್ಟ? ಹೋಗು ಅನ್ನಲು ಮನಸ್ಸು ಬರಲಿಲ್ಲ. ಆರು ತಿಂಗಳು ಹೇಗೆ ಕಳೆದೆ ಅನ್ನುವುದು ನನಗೆ ಗೊತ್ತಿತ್ತು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಬಹುದಿತ್ತು. ಉತ್ತರ ಗಟ್ಟಿಯಾಗಿ ಬಂದುಬಿಟ್ಟರೆ ಏನು ಮಾಡುವುದು ಎಂದು ಅದನ್ನೂ ಕೇಳಲಿಲ್ಲ. ಹೀಗೆ ಒದ್ದಾಡುತ್ತಿರುವಾಗಲೇ ಆಫೀಸಿನಲ್ಲಿ ಕಾಲುವೆಯೊಂದಕ್ಕೆ ಗೆರೆ ಎಳೆಯುತ್ತ ನನ್ನ ತಲೆಗೆ ಆ ಮಹಾ ಉಪಾಯ ಬಂತು. ಪದ್ಮಳಿಗೆ ಬೇಕಾದದ್ದು ಆ ಮೀನು. ಮೀನೇ ಹಿಮಾಯತ್‌ನಗರಕ್ಕೆ ಬಂದರೆ ಪದ್ಮ ಜಪಾನಿಗೆ ಯಾಕೆ ಹೋಗುತ್ತಾಳೆ?

ಈಗ ಬರೆಯುವಾಗ ನಗು ಬರುತ್ತದೆ. ಆಗ ಅದು ನಕ್ಷೆಯಷ್ಟು ಸ್ಪಷ್ಟವಾಗಿತ್ತು.

ಇಂಟರ್ನೆಟ್ ಕೆಫೆಗೆ ಹೋಗಿ ಒಂದು ತಾಸು ಕೂತು ಅಡಿಗೆಯ ವಿಧಾನ ಹುಡುಕಿ ಬರೆದುಕೊಂಡೆ. ಸೋಯಾ ಸಾಸು, ಸಕ್ಕರೆ, ಅಕ್ಕಿಯಿಂದ ಇಳಿಸಿದ ಸಿಹಿ ಮದ್ಯ. ಇವನ್ನು ಕುದಿಸಿ, ಮೀನಿಗೆ ಮತ್ತೆ ಮತ್ತೆ ಹಚ್ಚಬೇಕು, 'ಕನ್ನಡಿಯಂತೆ ಹೊಳೆಯುವ ತನಕ'. ಗೋಬಿ ಮಂಚೂರಿಯ ಪುಣ್ಯದಿಂದ ಸೋಯಾ ಸಾಸು ನಮ್ಮ ಬೀದಿಯ ಕಿರಾಣಿ ಅಂಗಡಿಗೂ ಬಂದಿತ್ತು. ಮದ್ಯವನ್ನು ಎಲ್ಲಿ ಕೇಳಲಿ, ಯಾವ ಮುಖದಿಂದ ಕೇಳಲಿ? ಸಿಹಿಯೇ ತಾನೆ, ಮನೆಯಲ್ಲಿ ಬೆಲ್ಲ ಇತ್ತು. ಮನೆಯ ಪಾತ್ರೆ ಮುಟ್ಟುವಂತಿಲ್ಲವಲ್ಲ, ಸುಲ್ತಾನ್ ಬಜಾರಿನಲ್ಲಿ ಅಲೆದು ಹೊಸ ಬಾಣಲೆ, ಹೊಸ ತಟ್ಟೆ, ಒಂದು ಬತ್ತಿ ಸ್ಟೋವು ತಂದು ಮಾಳಿಗೆಯ ತಗಡಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟೆ.

ಉಳಿದದ್ದು ಮೀನು. ರವಿವಾರ ಬೆಳಗ್ಗೆ ಪದ್ಮಳಿಗೆ ಕಂಪನಿಯಲ್ಲಿ ಕೆಲಸವಿತ್ತು, ಕ್ಯಾಬು ಬಂದು ಕರೆದುಕೊಂಡು ಹೋಯಿತು. ಮಧ್ಯಾಹ್ನ ನಾನು ಕಾಯಿಪಲ್ಯೆಯ ಚೀಲ ಹಿಡಿದು ಮೀನಿನ ಮಾರ್ಕೆಟ್ಟಿಗೆ ಹೋದೆ. ನಲವತ್ತು ದಾಟಿದವನು, ಹುಟ್ಟಿದ ಊರಿನ ಮೀನಿನ ಮಾರ್ಕೆಟ್ಟನ್ನು ಅಂದೇ ಮೊದಲು ನೋಡಿದ್ದು. ಮೂಗು ಮುಚ್ಚಿಕೊಂಡರೆ ಮಾರುವವರಿಗೆ ಅವಮಾನ, ಮುಚ್ಚದಿದ್ದರೆ ನನಗೆ ಸಂಕಟ. ಕರವಸ್ತ್ರದಿಂದ ಮುಖದ ಬೆವರು ಒರೆಸಿಕೊಳ್ಳುವಂತೆ ನಟಿಸುತ್ತ ನಡೆದೆ. ಒಬ್ಬ ಹೆಂಗಸು ತಗಡಿನ ತೊಟ್ಟಿಯ ಮುಂದೆ ಕೂತಿದ್ದಳು. ನಾನು ಬದನೆಕಾಯಿ ಕೊಳ್ಳುವ ಗತ್ತಿನಲ್ಲಿ ಬಗ್ಗಿ, ತೊಟ್ಟಿಯೊಳಗಿನ ಒಂದು ಕೊರಮೀನನ್ನು ಹೆಬ್ಬೆರಳಿನಿಂದ ಒತ್ತಿ, "ತಾಜಾ ಉಂದಾ?" ಎಂದೆ. ಮೀನು ಬಾಲ ಬೀಸಿ ನನ್ನ ಕನ್ನಡಕಕ್ಕೆ ನೀರು ಎರಚಿತು.

"ಅಯ್ಯೋ ಸಾರೂ, ಬತಿಕೇ ಉಂದಿ ಕದಾ!" ಎಂದು ಅವಳು ಎದೆ ಬಡಿದುಕೊಂಡು ನಕ್ಕಳು. ಜೀವಂತ ಇರುವುದನ್ನೇ ತಾಜಾ ಇದೆಯಾ ಎಂದು ಕೇಳಿದ ಗಿರಾಕಿಯನ್ನು ಅವಳು ಅಕ್ಕಪಕ್ಕದವರಿಗೂ ತೋರಿಸಿದಳು. ಮುಂದಿನದನ್ನು ನಾನು ನೋಡಲಿಲ್ಲ. ಬೆನ್ನು ತಿರುಗಿಸಿ ನಿಂತೆ. ಕೈಗೆ ಬಂದ ಪೊಟ್ಟಣದ ಮೇಲೆ ಎರಡು ಕಟ್ಟು ಮೆಂತ್ಯೆ ಸೊಪ್ಪು ಮುಚ್ಚಿಕೊಂಡು ಮನೆಗೆ ಬಂದು, ನೇರ ಮಾಳಿಗೆ ಹತ್ತಿದೆ.

ಇಲ್ಲಿ ಸ್ವಲ್ಪ ನಿಂತು ಅವ್ವನ ಪಾಕದ ವಿಷಯ ಹೇಳಬೇಕು. ಪಂಚಮಿ ಹತ್ತಿರ ಬಂದರೆ ನಮ್ಮ ಮನೆಗೆ ಅಕ್ಕಪಕ್ಕದ ಹೆಂಗಸರು ಪಾಕ ಕೇಳಲು ಬರುತ್ತಿದ್ದರು. ಶೇಂಗಾ ಉಂಡಿಗೆ ಬೇರೆ ಪಾಕ, ಅಂಟಿನ ಉಂಡಿಗೆ ಬೇರೆ, ಚಿಕ್ಕಿಗೆ ಬೇರೆ. ಅವ್ವ ಒಲೆಯ ಮುಂದೆ ಕೂತು ಬೆಲ್ಲ ಕುದಿಸುವಾಗ ನಾನು ಎದುರಿಗೆ ನೀರಿನ ಬಟ್ಟಲು ಹಿಡಿದು ಕೂಡಬೇಕು. ಅವಳು ಒಂದು ಹನಿ ಬಿಡುತ್ತಾಳೆ, ಬೆರಳಲ್ಲಿ ಹೊರಳಿಸುತ್ತಾಳೆ, "ಇನ್ನೂ ಇಲ್ಲ," ಅನ್ನುತ್ತಾಳೆ. ಹಾಗೆ ತಪ್ಪಿದ ಹನಿಗಳೆಲ್ಲ ನನ್ನವು. ಪಾಕ ಬೇಗ ಬರದಿರಲಿ ಎಂದು ಎಷ್ಟು ಪಂಚಮಿಗಳಲ್ಲಿ ದೇವರಿಗೆ ಬೇಡಿಕೊಂಡಿದ್ದೇನೋ! ಮೆತ್ತನೆಯದು ಒಂದು ರುಚಿ, ಹಲ್ಲಿಗೆ ಅಂಟುವುದು ಇನ್ನೊಂದು ರುಚಿ. ಇಷ್ಟೆಲ್ಲ ತಿಂದರೂ ಯಾವುದು ಯಾವ ಪಾಕ ಎಂದು ಕಲಿಯಲಿಲ್ಲ. ಕಲಿಯುವುದಕ್ಕೆ ಅವ್ವ ಇದ್ದಳಲ್ಲ.

ಹಾಗಾಗಿ ಮಾಳಿಗೆಯ ಮೇಲೆ ಸ್ಟೋವು ಹೊತ್ತಿಸಿ, ಬೆಲ್ಲ ಮತ್ತು ಸೋಯಾ ಕುದಿಯಲು ಇಟ್ಟ ಮೇಲೆ ನಾನು ದಿಕ್ಕು ತಪ್ಪಿದೆ. ಕನ್ನಡಿಯಂತೆ ಹೊಳೆಯುವುದು ಯಾವಾಗ? ನೊರೆ ಬಂತು, ಕನ್ನಡಿ ಕಾಣಲಿಲ್ಲ. ಬೇರೆ ದಾರಿಯಿರಲಿಲ್ಲ. ಬಟ್ಟಲಲ್ಲಿ ನೀರು ತುಂಬಿ, ಪಾಕದ ಒಂದು ಹನಿ ಬಿಟ್ಟು, ಹದಿನೇಳು ಮೆಟ್ಟಿಲು ಇಳಿದು ಅವ್ವನ ಮುಂದೆ ಹಿಡಿದೆ. ಅವಳು ಮಂಡಿ ನೋವಿನಿಂದ ಮೆಟ್ಟಿಲು ಹತ್ತುವುದನ್ನು ಬಿಟ್ಟು ವರ್ಷವಾಗಿತ್ತು. ಪಡಸಾಲೆಯಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದಳು.

"ಏನಿದು?"

"ಪಾಕ ಅವ್ವ. ಪದ್ಮಾಗ ಜಪಾನದ್ದೊಂದು ಸಿಹಿ ಮಾಡಾಕತ್ತೀನಿ. ಕನ್ನಡಿಯಂಗ ಹೊಳೀಬೇಕಂತ."

"ಇಷ್ಟ್ಯಾಕ ಕರ್ರಗೈತಿ? ಉಪ್ಪಿನ ವಾಸನಿ ಬರಾಕತ್ತೈತಿ."

"ಅಲ್ಲಿ ಮಂದಿ ಹಂಗ ಮಾಡ್ತಾರ."

ಅವ್ವ ನನ್ನ ಮುಖ ನೋಡಿದಳು, ನಾನು ಬಟ್ಟಲು ನೋಡಿದೆ. "ಇನ್ನೂ ನೀರ ಐತಿ," ಎಂದಳು.

ಓಡಿದೆ. ಕುದಿಸಿದೆ. ಮತ್ತೆ ಇಳಿದೆ. ಅವ್ವ ಹನಿಯನ್ನು ಎರಡು ಬೆರಳ ನಡುವೆ ಎಳೆದು, "ಎಳಿ ಬಿಟ್ಟೈತಿ. ಆದರ ಇದು ಉಂಡಿಗಿ ಆತು. ಕನ್ನಡಿಯಂಗ ಹೊಳೀಬೇಕಂದ್ರ ಚಿಕ್ಕಿ ಪಾಕನ ಆಗಬೇಕು. ಇನ್ನೊಂದೀಟು ಬಿಡು," ಎಂದಳು.

ಅದು ನ್ಯಾಯವೇ ಅನಿಸಿತು. ನಮ್ಮ ಮನೆಯಲ್ಲಿ ಹೊಳೆಯುವ ತಿನಿಸು ಅಂದರೆ ಚಿಕ್ಕಿಯೇ. ಪಾಕದ ವಿಷಯದಲ್ಲಿ ಅವ್ವನಿಗೆ ಎದುರಾಡಿದವರು ನಮ್ಮ ಗಲ್ಲಿಯಲ್ಲಿ ಹುಟ್ಟಿರಲಿಲ್ಲ. ಮೂರನೆಯ ಸಲ ಅವ್ವ ಹನಿಯನ್ನೆತ್ತಿ ಮತ್ತೆ ಬಟ್ಟಲಿಗೆ ಬಿಟ್ಟರೆ ಟಣ್ ಎಂದಿತು. "ಹಾಂ! ಬಂತು ನೋಡು, ಓಡು, ಇಳಸು!" ಎಂದು ಅವ್ವ ಕೂಗಿದಳು. ನಾನು ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತೋ ಏನೋ. ಹುರಿದಿಟ್ಟ ಮೀನಿನ ತುಂಡುಗಳ ಮೇಲೆ, ಖಾನೆಯಿಂದ ಕದ್ದು ತಂದ ಕುಂಚದಿಂದ ಹಚ್ಚಿದೆ. ಹೊಳೆಯಿತು! ಸಂಜೆಯ ಬಿಸಿಲಿನಲ್ಲಿ ಕಣ್ಣು ಕುಕ್ಕುವಂತೆ ಹೊಳೆಯಿತು. ಕಟ್ಟೆಯ ಮೇಲೆ ನಾಲ್ಕು ಕಾಗೆಗಳು ಕೂತು ತಲೆ ಓರೆ ಮಾಡಿ ನೋಡಿದವು. ಎರಡನೆಯ ಸಲ ಹಚ್ಚಲು ಹೋದರೆ ಕುಂಚ ಬಾಣಲೆಗೆ ಅಂಟಿಕೊಂಡಿತ್ತು. ಕಿತ್ತು ಪಕ್ಕಕ್ಕಿಟ್ಟೆ.

ಐದು ಗಂಟೆಗೆ ಕ್ಯಾಬು ಬಂತು. ಪದ್ಮ ಒಳಗೆ ಬಂದವಳು ವಾಸನೆಯ ಜಾಡು ಹಿಡಿದು ನೇರ ಮೇಲೆಯೇ ಹತ್ತಿ ಬಂದಳು. ಸ್ಟೋವು, ಬಾಣಲೆ, ಮೆಂತ್ಯೆ ಸೊಪ್ಪಿನ ಚೀಲ, ಬೆವರಿಳಿಸುತ್ತಿದ್ದ ನಾನು, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಏನ್ರಿ ಇದು?"

"ಮೀನ," ಅಂದೆ. "ಜಪಾನದ್ದು. ಕುಂಡ್ರು, ಉಣ್ಣು."

ತಟ್ಟೆಯ ಮುಂದೆ ಕೂತ ಪದ್ಮ ಬೆರಳಿನಿಂದ ಮುರಿಯಲು ನೋಡಿದಳು. ಮೀನು ಜಗ್ಗಲಿಲ್ಲ. ಚಮಚದಿಂದ ಕುಟ್ಟಿದಳು. ಟಕ್! ಪಾಕ ಆರಿ ಗಾಜಾಗಿ, ಮೀನು ಅದರೊಳಗೆ ಭದ್ರವಾಗಿ ಕೂತಿತ್ತು. ಅವಳು ಕೆಳಗೆ ಹೋಗಿ ಅಂಗಳದ ಗುಂಡುಕಲ್ಲೊಂದನ್ನು ತೊಳೆದು ತಂದು, ಚಿಕ್ಕಿ ಒಡೆಯುವ ಹಾಗೆ ಒಂದು ಏಟು ಹಾಕಿದಳು. ಕಪ್ಪು ಚಿಪ್ಪು ಒಡೆದು ಬಂತು. ಅದರ ಒಳಬದಿಯಲ್ಲಿ ಮೀನಿನ ಚರ್ಮದ ಗೆರೆಗಳು ಅಚ್ಚೊತ್ತಿದ್ದವು. ಆ ಚೂರನ್ನು ಬಾಯಿಗೆ ಹಾಕಿಕೊಂಡು ಕಟಕಟ ಜಗಿದಳು. ಆಮೇಲೆ ಒಳಗಿನ ಬೆಳ್ಳಗಿನ ಮೀನು ತಿಂದಳು. ಮತ್ತೊಂದು ಒಡೆದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಕಣ್ಣಲ್ಲಂತೂ ನೀರಿತ್ತು. ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿಯಿತು.

"ಅಲ್ಲೆ ಹಿಂಗ ಇರ್ತೈತೇನು?" ಎಂದೆ.

"ಇಲ್ರಿ. ಹಿಂಗ ಎಲ್ಲೂ ಇರೂದಿಲ್ಲ."

"ಹಂಗಾದ್ರ, ಮೀನ ಇಲ್ಲೇ ಸಿಕ್ತಲ್ಲ. ಇನ್ನ ಅಷ್ಟು ದೂರ..." ಎನ್ನುತ್ತ ಬಾಣಲೆ ಕೆರೆಯತೊಡಗಿದೆ.

ಪದ್ಮ ಬೆರಳು ಚೀಪುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು.

"ಮೀನಿನ ಸಲುವಾಗಿ ಹೋಗ್ತೀನಂತ ಯಾರಂದ್ರು ನಿಮಗ? ಅಲ್ಲೆ ನಾ ಮಾಡಿದ ಕೆಲಸ ನಾಲ್ಕು ಮಂದಿ ಎದ್ದು ನಿಂತು ನೋಡಿದ್ರು. ಅದರ ರುಚಿ ಹತ್ತೈತ್ರಿ ನನಗ. ಹೋಗಬೇಕಂತ ಮನಸ್ಸು ಭಾಳ ಐತಿ." ತಟ್ಟೆಯ ಮುಳ್ಳುಗಳನ್ನು ಒಂದು ಕಡೆ ಕೂಡಿಸಿದಳು. "ಅತ್ತಿಯವರಿಗೆ ಈಗ ಒಲಿ ಮುಂದ ನಿಂದ್ರಾಕ ಆಗೂದಿಲ್ಲ. ನಿಮಗ ಚಾ ಕಾಸಾಕೂ ಬರೂದಿಲ್ಲ. ಎರಡು ವರ್ಷ ಇವರು ಏನು ಉಣ್ತಾರಂತ, ಅದೊಂದ ಚಿಂತಿ ಇತ್ತು. ನಾಳೆ ಒಲ್ಲೆ ಅಂತ ಹೇಳಾಕಿದ್ದೆ. ಬಜಾರಕ್ಕ ಹೋಗಿ ಮೀನ ತಂದು ಮಾಡೀರಿ ಅಂದ್ರ, ಅನ್ನ ಬ್ಯಾಳಿ ಮಾಡ್ಕೊಳ್ಳಾಕ ಏನು ಧಾಡಿ ನಿಮಗ? ಹೋಗ್ತೀನ್ರಿ."

ನಾಳೆ ಒಲ್ಲೆ ಅನ್ನುವವಳಿದ್ದಳು! ಸುಮ್ಮನೆ ಕೂತು ಕಾಲುವೆಗೆ ಗೆರೆ ಎಳೆದುಕೊಂಡಿದ್ದರೆ ಸಾಕಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇಲ್ಲಿ ದೈವದ ಪಾಲೂ ಇರಲಿಲ್ಲ, ಎಲ್ಲ ನನ್ನದೇ ಕೈಯ ಅಡಿಗೆ.

ಆಗ ಮೆಟ್ಟಿಲ ಕಡೆಯಿಂದ ದನಿ ಬಂತು. "ಪಾಕ ಸರಿ ಬಂತೇನ, ಪದ್ಮಾ?"

ತಿರುಗಿ ನೋಡಿದರೆ ಅವ್ವ. ವರ್ಷದಿಂದ ಮೆಟ್ಟಿಲು ಹತ್ತದವಳು ಹದಿನಾರು ಹತ್ತಿ, ಹದಿನೇಳನೆಯದರ ಕೆಳಗೆ ಕಂಬಿ ಹಿಡಿದು ನಿಂತಿದ್ದಳು. ಮಾಳಿಗೆಗೆ ಕಾಲಿಡಲಿಲ್ಲ. ಮುಖವನ್ನು ಅತ್ತ ಪಕ್ಕದ ಮನೆಯ ನೀರಿನ ಟಾಕಿಯ ಕಡೆ ತಿರುಗಿಸಿಕೊಂಡಿದ್ದಳು.

"ಬಂತ್ರಿ ಅತ್ತಿ. ಭಾಳ ಛಲೋ ಬಂದೈತಿ," ಎಂದಳು ಪದ್ಮ. ಮೀನಿನ ಕೈಯನ್ನು ಎಲ್ಲಿ ಬಚ್ಚಿಡಲಿ ಎಂದು ಅವಳಿಗೆ ತಿಳಿಯದೆ ಹೋಯಿತು.

"ಹಂಗಾರ ನಾ ಉಪಾಸ ಸಾಯೂದಿಲ್ಲ ಬಿಡು. ಹೋಗಿ ಬಾ ನೀ," ಎಂದಳು ಅವ್ವ ಟಾಕಿಗೆ. "ಶರಣೂ, ಆ ಕಾಗಿ ಓಡಸು. ಮತ್ತ ಒಲಿ ಮ್ಯಾಲ ಅದು ಬರಲಿಲ್ಲ, ನನ್ನ ಮಾತಿಗೆ ಏನೂ ಕಮ್ಮಿ ಆಗಲಿಲ್ಲ."

ಅವ್ವನಿಗೆ ಎಂದಿನಿಂದ ಗೊತ್ತಿತ್ತು, ಎಷ್ಟು ಗೊತ್ತಿತ್ತು ಎಂದು ನಾನು ಇಂದಿಗೂ ತಲೆ ಕೆರೆದುಕೊಳ್ಳುತ್ತೇನೆ. ಮೊದಲ ಹನಿಯ ವಾಸನೆಗೇ ಗೊತ್ತಾಗಿತ್ತೇ? ಗೊತ್ತಿದ್ದೂ ಚಿಕ್ಕಿ ಪಾಕ ಹೇಳಿದಳೇ? ಫೋಟೋ ಏನೂ ಹೇಳುವುದಿಲ್ಲ. ಪದ್ಮ ಹೋದಳು, ಎರಡು ವರ್ಷಕ್ಕೆ ತಿರುಗಿ ಬಂದಳು. ಅದು ಬೇರೆ ಕತೆ. ಕುಂಚವನ್ನು ನೋಡಿದರೆ ನನಗೆ ನೆನಪಾಗುವುದು ಅವಳು ಹೋದ ಮೇಲಿನ ಮೊದಲ ರವಿವಾರ.

ಬೆಳಗ್ಗೆ ಫೋನು ಮಾಡುತ್ತೇನೆಂದು ಹೇಳಿದ್ದಳು. ನಾನು ಒಲೆಯ ಮೇಲೆ ಅನ್ನಕ್ಕಿಟ್ಟು ಫೋನಿನ ಮುಂದೆ ಬಂದು ಕೂತಿದ್ದೆ, ಅವ್ವ ಪಕ್ಕದಲ್ಲಿ. ಆ ವಾರವೆಲ್ಲ ಮಾತು ಕೂಡಿಸಿಟ್ಟಿದ್ದೆ: ಆಗುತ್ತಿಲ್ಲ ಪದ್ಮಾ, ಒಂದೂ ಸರಿ ಬರುತ್ತಿಲ್ಲ, ಬಂದುಬಿಡು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಫೋನು ಬಂತು. ಅವಳ ದನಿ ಕೇಳುವ ಆತುರದಲ್ಲಿ ಒಲೆ ಮರೆತೇ ಹೋಯಿತು. ನೋಡನೋಡುತ್ತ ಅಡಿಗೆಮನೆಯಿಂದ ಹೊಗೆ ಬಂದು ಪಡಸಾಲೆ ತುಂಬಿತು.

"ಏನು ಮಾಡೀರಿ ಇವತ್ತು?" ಎಂದು ಪದ್ಮ ಕೇಳಿದಳು. ಅವಳ ಹಿಂದೆ ಯಾರೋ ನಗುತ್ತಿದ್ದರು, ಅವಳ ದನಿಯಲ್ಲೂ ಆ ನಗುವಿತ್ತು.

"ಅನ್ನ, ಬ್ಯಾಳಿ, ಬದ್ನಿಕಾಯಿ ಪಲ್ಯೆ."

"ಛಲೋ ಆಗ್ಯಾವೇನು?"

ಅವ್ವನ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಕೆಮ್ಮು ಹೊರಗೆ ಬರದಂತೆ ತಡೆಯುತ್ತಿದ್ದಳು.

"ಭಾಳ ಛಲೋ ಆಗ್ಯಾವ," ಅಂದೆ.